ಬಾಲ್ ಡಿಫ್ ಬಿಟ್ಟು ಗೇರ್ ಡಿಫ್ ಹಾಕಬೇಕಾ? ಮಲೆನಾಡಿನ ಮಣ್ಣಿಗೆ ಯಾವುದು ಸರಿ?

ಕೂಳೆಗದ್ದೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಸೆಕೆಂಡ್‌ಹ್ಯಾಂಡ್ 1/10 ಟೂ ವೀಲ್ ಡ್ರೈವ್ ಬಗ್ಗಿ ಇದೆ. ಅಂದರೆ ನಿಜ ಗಾಡಿಯ ಹತ್ತನೇ ಒಂದು ಅಳತೆಯ, ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್ ಇರುವ ರಿಮೋಟ್ ಕಾರು. ಬ್ರಷ್‌ಲೆಸ್ ಮೋಟರ್, 2ಎಸ್ ಲಿಪೊ ಬ್ಯಾಟರಿ, ಹಿಂದೆ ಬಾಲ್ ಡಿಫ್ (ಡಿಫ್ ಅಂದರೆ ಡಿಫರೆನ್ಷಿಯಲ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ; ಬಾಲ್ ಡಿಫ್‌ನಲ್ಲಿ ಆ ಕೆಲಸ ಮಾಡುವುದು ಎರಡು ರಿಂಗಿನ ನಡುವೆ ಕೂತ ಗುಂಡುಗಳು). ಅಡಿಕೆ ಒಣಗಿಸುವ ಕೆಲಸ ಮುಗಿದ ಮೇಲೆ ಮನೆ ಅಂಗಳದಲ್ಲಿ ಓಡಿಸುತ್ತೇನೆ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಸವರಿ ಒಂದು ಸಣ್ಣ ಟ್ರ್ಯಾಕ್ ಕೂಡ ಮಾಡಿಕೊಂಡಿದ್ದೇನೆ.

ತೊಂದರೆ ಏನಂದ್ರೆ, ನಿಂತಲ್ಲಿಂದ ಥ್ರಾಟಲ್ ಜೋರಾಗಿ ಕೊಟ್ಟರೆ ಹಿಂದಿನಿಂದ ಕಿರ್ರ್ ಅಂತ ಕೂಗುತ್ತದೆ. ಮೋಟರ್ ಓಡುತ್ತದೆ, ಗಾಡಿ ಓಡುವುದಿಲ್ಲ. ತಿರುವಿನಿಂದ ಹೊರಗೆ ಬರುವಾಗ ಒಳಗಡೆಯ ಚಕ್ರ ಒಂದೇ ಸುಮ್ನೆ ತಿರುಗುತ್ತದೆ. ಬೆಂಗಳೂರಿನಿಂದ ಗೇರ್ ಡಿಫ್ ತರಿಸೋಣ ಅಂತಿದ್ದೇನೆ. ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ತರಿಸಿದರೆ ಯಾವ ಎಣ್ಣೆ ಹಾಕಬೇಕು? ಮಳೆಗಾಲದಲ್ಲೂ ಓಡಿಸುವ ಆಸೆ ಇದೆ. ಬಲ್ಲವರು ಹೇಳಿ.

ಹಾಳೆಟೊಪ್ಪಿ, ಸಾಗರ

ಡಿಫ್ ಒಳಗೆ ಎಂ-ಸೀಲ್ ತುಂಬಿ ಲಾಕ್ ಮಾಡಿಬಿಡಿ ಮಾರಾಯ್ರೆ. ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಕೆಸರಿಗೆ ಅದೇ ಮದ್ದು. ಐವತ್ತು ರೂಪಾಯಿಯೂ ಬೇಡ.

ಸ್ಲಿಪ್ಪರ್ ಸ್ವಾಮಿ, ಶಿವಮೊಗ್ಗ

ಎಂ-ಸೀಲ್ ಬೇಡ, ಆ ಮಾತಿಗೆ ಆಮೇಲೆ ಬರುತ್ತೇನೆ. ಗೇರ್ ಡಿಫ್ ಆರ್ಡರ್ ಕೂಡ ಈಗಲೇ ಬೇಡ. ಆ ಸದ್ದು ಡಿಫ್‌ನದ್ದೋ ಸ್ಲಿಪ್ಪರ್‌ನದ್ದೋ ಮೊದಲು ಗೊತ್ತಾಗಲಿ. ಸ್ಲಿಪ್ಪರ್ ಅಂದರೆ ಮೋಟರಿನ ಏಟು ಜಾಸ್ತಿಯಾದಾಗ ಜಾರಿಕೊಡುವ ಕ್ಲಚ್.

ಬ್ಯಾಟರಿ ತೆಗೆದಿಡಿ. ಹಿಂದಿನ ಒಂದು ಚಕ್ರವನ್ನೂ ಸ್ಪರ್ ಗೇರನ್ನೂ (ಮೋಟರ್ ತಿರುಗಿಸುವ ದೊಡ್ಡ ಗೇರ್) ಗಟ್ಟಿಯಾಗಿ ಹಿಡಿದುಕೊಳ್ಳಿ. ಇನ್ನೊಂದು ಚಕ್ರವನ್ನು ತಿರುಗಿಸಲು ನೋಡಿ. ಡಿಫ್ ಸರಿಯಾಗಿ ಬಿಗಿ ಇದ್ದರೆ ಕೈ ನೋಯುವಷ್ಟು ಬಲ ಹಾಕಬೇಕು. ಆಗಲೂ ಜಾರುವುದು ಸ್ಲಿಪ್ಪರ್ ಆಗಬೇಕು, ಡಿಫ್ ಅಲ್ಲ. ಟೂ ವೀಲ್ ಬಗ್ಗಿಯಲ್ಲಿ ಇದು ಮೊದಲ ಪಾಠ. ಜಾರುವ ಕೆಲಸ ಸ್ಲಿಪ್ಪರ್‌ದು. ಅದರ ಒಳಗೆ ಅದಕ್ಕಂತಲೇ ಪ್ಯಾಡ್ ಇದೆ. ಬಾಲ್ ಡಿಫ್ ಜಾರಿದರೆ ಗುಂಡುಗಳು ರಿಂಗಿನ ಮೇಲೆ ಉರುಳುವ ಬದಲು ಉಜ್ಜುತ್ತವೆ. ಬಿಸಿ ಏರುತ್ತದೆ. ಗುಂಡುಗಳು ಕೂತಿರುವುದು ಪ್ಲಾಸ್ಟಿಕ್ ಗೇರಿನ ತೂತುಗಳಲ್ಲಿ. ಹಾಗೇ ಓಡಿಸಿದರೆ ಆ ತೂತುಗಳೇ ಕರಗುತ್ತವೆ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಸ್ಪರ್ ಮಾತ್ರ ಹಿಡಿದು ಒಂದು ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ. ಬೆರಳಿಗೆ ಮರಳು ಸಿಕ್ಕ ಹಾಗೆ ಕಿರಿಕಿರಿ ಅನ್ನಿಸಿದರೆ ಬಿಚ್ಚುವ ಕಾಲ ಬಂದಿದೆ.

ಕೂಳೆಗದ್ದೆ

ಎರಡೂ ಮಾಡಿದೆ ಸಾರ್. ಜಾರುತ್ತಿರುವುದು ಡಿಫ್‌ನೇ. ಸ್ಲಿಪ್ಪರ್ ನಟ್ ಪೂರ್ತಿ ಬಿಗಿ ಇದೆ, ಹಿಂದಿನ ಮಾಲೀಕರು ಹಾಗೇ ಇಟ್ಟಿದ್ದರು ಅನ್ನಿಸುತ್ತದೆ. ಚಕ್ರ ತಿರುಗಿಸಿದರೆ ಕಿರಿಕಿರಿಯೂ ಇದೆ.

ಭದ್ರಾ ಬೇರಿಂಗ್, ಭದ್ರಾವತಿ

ಸ್ಲಿಪ್ಪರ್ ಪೂರ್ತಿ ಬಿಗಿ ಅಂದರೆ ಮೋಟರಿನ ಏಟೆಲ್ಲ ಡಿಫ್ ಮೇಲೆ ಬಿದ್ದಿದೆ. ಕಾರಣ ಅಲ್ಲೇ ಸಿಕ್ಕಿತು. ಬಿಚ್ಚಿ, ಫೋಟೊ ಹಾಕಿ.

ಬಿಚ್ಚುವಾಗ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ದೊಡ್ಡ ಗುಂಡುಗಳು 3/32 ಇಂಚು, ಅಂದರೆ 2.4 ಮಿ.ಮೀ. ಸ್ಕ್ರೂ ತಲೆಯ ಹತ್ತಿರ ಇರುವ ಥ್ರಸ್ಟ್ ಬೇರಿಂಗಿನ ಗುಂಡುಗಳು ಇನ್ನೂ ಸಣ್ಣವು. ಒಂದು ಉರುಳಿ ಬೆಂಚಿನ ಸಂದಿಗೆ ಹೋದರೆ ಮತ್ತೆ ಸಿಗುವುದಿಲ್ಲ.

ಕೂಳೆಗದ್ದೆ

ಬಿಚ್ಚಿದೆ. ರಿಂಗ್ ಮೇಲೆ ಗುಂಡು ಓಡಿದ ದಾರಿ ಕಾಣುತ್ತದೆ. ಉಗುರು ಅಡ್ಡ ಎಳೆದರೆ ತಗಲುತ್ತದೆ. ಥ್ರಸ್ಟ್ ಬೇರಿಂಗಿನ ಸಣ್ಣ ಗುಂಡುಗಳಿಗೆ ಕೆಂಪು ತುಕ್ಕು ಹಿಡಿದಿದೆ. ಒಂದು ವಾಷರ್ ಮೇಲೆ ಸಾಲಾಗಿ ಚುಕ್ಕೆ ಚುಕ್ಕೆ ಗುಳಿ ಬಿದ್ದಿವೆ. ಗ್ರೀಸ್ ಎಲ್ಲ ಕಪ್ಪಾಗಿ ಗಟ್ಟಿಯಾಗಿದೆ. ಅಪ್ಪಯ್ಯ ನೋಡಿ, ಇದಕ್ಕಿಂತ ನಮ್ಮ ಪಂಪ್‌ಸೆಟ್ ಬೇರಿಂಗೇ ಚೆನ್ನಾಗಿದೆಯಲ್ಲ ಅಂದರು.

ಸ್ಲಿಪ್ಪರ್ ಸ್ವಾಮಿ

ಅಪ್ಪಯ್ಯ ಹೇಳಿದ್ದು ಸರಿಯೇ ಇದೆ!

ರಿಂಗ್ ಬಿಸಾಡಬೇಡಿ. ಅದಕ್ಕೆ ಎರಡು ಮುಖ ಇದೆ. ತಿರುಗಿಸಿ ಹಾಕಿದರೆ ಹೊಸ ಮುಖ ಸಿಗುತ್ತದೆ. ಆ ಮುಖವೂ ಸವೆದಿದ್ದರೆ ಒಂದು ಗಾಜಿನ ತುಂಡಿನ ಮೇಲೆ 600 ನಂಬರ್ ವಾಟರ್ ಪೇಪರ್ ಇಟ್ಟು, ನೀರು ಹಾಕಿ, ಎಂಟು ಬರೆದ ಹಾಗೆ ಉಜ್ಜಿ. ಹೊಳಪು ಹೋಗಿ ಎಲ್ಲ ಕಡೆ ಒಂದೇ ಬೂದು ಬಣ್ಣ ಬರಬೇಕು. ಗೆರೆ ಕಾಣುತ್ತಿದ್ದರೆ ಇನ್ನೂ ಉಜ್ಜಿ. ಗುಂಡುಗಳನ್ನು ಮಾತ್ರ ಹೊಸದು ತನ್ನಿ. ಕಾರ್ಬೈಡ್ ಆದರೆ ಉತ್ತಮ. ಉಕ್ಕಿನವು ನಮ್ಮ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತವೆ. ಥ್ರಸ್ಟ್ ಬೇರಿಂಗ್ ಪೂರ್ತಿ ಸೆಟ್ ಬದಲಿಸಿ. ಗುಳಿ ಬಿದ್ದ ವಾಷರ್ ಜೊತೆಗೆ ಹೊಸ ಗುಂಡು ಹಾಕಿದರೆ ದುಡ್ಡು ದಂಡ.

ಗ್ರೀಸ್ ವಿಷಯದಲ್ಲಿ ಜನ ಎಡವುವುದು ಜಾಸ್ತಿ. ದೊಡ್ಡ ಗುಂಡು, ರಿಂಗ್ ಇರುವ ಕಡೆಗೆ ಬಣ್ಣ ಇಲ್ಲದ ಸಿಲಿಕೋನ್ ಗ್ರೀಸ್, ಅದೂ ಸ್ವಲ್ಪ. ಥ್ರಸ್ಟ್ ಬೇರಿಂಗಿಗೆ ಕಪ್ಪು ಮಾಲಿ (ಮಾಲಿಬ್ಡಿನಮ್) ಗ್ರೀಸ್, ಧಾರಾಳವಾಗಿ. ಅದಲು ಬದಲು ಮಾಡಿದರೆ ಕೆಟ್ಟಿತು. ಕಪ್ಪು ಗ್ರೀಸ್ ಜಾರಿಸುವುದಕ್ಕೇ ಇರುವುದು. ಅದು ರಿಂಗಿಗೆ ತಾಗಿದರೆ ಎಷ್ಟು ಬಿಗಿ ಮಾಡಿದರೂ ಡಿಫ್ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ವೀಲ್ ಬೇರಿಂಗ್ ಗ್ರೀಸ್ ಕೂಡ ರಿಂಗಿನ ಹತ್ತಿರ ಬರಕೂಡದು.

ಜೋಡಿಸಿದ ಮೇಲೆ ಸ್ಕ್ರೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ನಡುನಡುವೆ ಎರಡೂ ಕಡೆಯ ಔಟ್‌ಡ್ರೈವ್ (ಡ್ರೈವ್ ಶಾಫ್ಟ್ ಕೂರುವ ಡಿಫ್‌ನ ತುದಿ) ತಿರುಗಿಸುತ್ತಾ ಇರಿ. ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡ ಮೇಲೆ ಸುಮಾರು ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಆಮೇಲೆ ಗಾಡಿ ಎತ್ತಿ ಹಿಡಿದು, ಒಂದು ಚಕ್ರ ನಿಲ್ಲಿಸಿ, ಬಹಳ ಕಮ್ಮಿ ಥ್ರಾಟಲಿನಲ್ಲಿ ಕೆಲವು ಸೆಕೆಂಡು ಇನ್ನೊಂದನ್ನು ತಿರುಗಲು ಬಿಡಿ. ಅದಲು ಬದಲು ಮಾಡಿ. ತಿರುಗುವ ಚಕ್ರ ದುಪ್ಪಟ್ಟು ವೇಗದಲ್ಲಿ ಇರುತ್ತದೆ, ಬೆರಳು ಜೋಪಾನ. ಮತ್ತೆ ಬಿಗಿ ಪರೀಕ್ಷಿಸಿ. ಸ್ಲಿಪ್ಪರ್ ಸಡಿಲಿಸುವುದನ್ನು ಕಡೆಯಲ್ಲಿ ಮಾಡಿ. ನಿಂತಲ್ಲಿಂದ ಹೊರಟಾಗ ಒಂದೆರಡು ಅಡಿ ಸುಂಯ್ ಅಂತ ಜಾರಿ ಹಿಡಿಯಬೇಕು, ಅಷ್ಟು.

ಹಾಳೆಟೊಪ್ಪಿ

ಇಷ್ಟೆಲ್ಲ ಪೂಜೆ ಪುನಸ್ಕಾರ ಮಾಡುವ ಬದಲು ಗೇರ್ ಡಿಫ್ ಹಾಕಿದರೆ ಆಯ್ತಲ್ವಾ? ನನ್ನ ಎಂ-ಸೀಲಿಗೆ ಉತ್ತರ ಬಂದಿಲ್ಲ.

ಸ್ಲಿಪ್ಪರ್ ಸ್ವಾಮಿ

ಬಂತು ನೋಡಿ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಮ್ಮಿ. ಲಾಕ್ ಮಾಡಿದರೆ ಎರಡೂ ಒಂದೇ ವೇಗ. ಆಗ ಒಂದು ಟೈರ್ ನೆಲಕ್ಕೆ ಉಜ್ಜಲೇಬೇಕು. ಹಿಂದೆ ಮಾತ್ರ ಡ್ರೈವ್ ಇರುವ ಬಗ್ಗಿ ಮೊದಲು ನೇರಕ್ಕೆ ನುಗ್ಗುತ್ತದೆ, ಆಮೇಲೆ ಥಟ್ಟನೆ ಗಿರಕಿ ಹೊಡೆಯುತ್ತದೆ. ಹಿಡಿತ ಇರುವ ಅಂಗಳದಲ್ಲಿ ಡ್ರೈವ್ ಶಾಫ್ಟ್ ಮುರಿಯುತ್ತದೆ. ಕ್ರಾಲರ್‌ಗಳಲ್ಲಿ ಲಾಕ್ ಮಾಡುವುದು ನಿಜ. ಅವು ಬಂಡೆ ಹತ್ತುವ ಗಾಡಿಗಳು, ನಡಿಗೆಯ ವೇಗ. ನಿಮ್ಮದು ಕ್ರಾಲರ್ ಅಲ್ವಾ?

ಹಾಳೆಟೊಪ್ಪಿ

ಹೌದು, ಕ್ರಾಲರ್. ಸರಿ ಬಿಡಿ, ನನ್ನ ಎಂ-ಸೀಲ್ ನನಗೇ ಇರಲಿ.

ಕೂಳೆಗದ್ದೆ

ಹಾಗಾದರೆ ಗೇರ್ ಡಿಫ್ ಬೇಡವೇ ಬೇಡ ಅಂತೀರಾ?

ಸ್ಲಿಪ್ಪರ್ ಸ್ವಾಮಿ

ಬೇಡ ಅನ್ನುವುದಿಲ್ಲ. ಎರಡೂ ಕೆಲಸ ಮಾಡುವ ರೀತಿ ಬೇರೆ. ಅದು ಗೊತ್ತಾದರೆ ಆಯ್ಕೆ ಸುಲಭ.

ಬಾಲ್ ಡಿಫ್ ಹಳೆಯ ಉಪಾಯ. 1980ರಲ್ಲಿ ಇಂಗ್ಲೆಂಡಿನಲ್ಲಿ ಸೆಸಿಲ್ ಶೂಮಾಕರ್ ತಮ್ಮ ಕಂಪನಿ ಶುರು ಮಾಡಿದ್ದೇ ಹೊರಗಿನಿಂದ ಬಿಗಿ ಹೊಂದಿಸಬಹುದಾದ ಬಾಲ್ ಡಿಫ್ ಇಟ್ಟುಕೊಂಡು. ಅದರಲ್ಲಿ ಎರಡು ಚಕ್ರದ ನಡುವಿನ ತಡೆ ಬರುವುದು ಉಜ್ಜುವಿಕೆಯಿಂದ. ವೇಗದ ವ್ಯತ್ಯಾಸ ಸ್ವಲ್ಪ ಇರಲಿ, ಜಾಸ್ತಿ ಇರಲಿ, ತಡೆ ಹೆಚ್ಚು ಕಮ್ಮಿ ಒಂದೇ. ಅದಕ್ಕೇ ಸಡಿಲ ಮಣ್ಣಿನಲ್ಲಿ ಗಾಡಿ ಹೇಗೆ ನಡೆಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಹಿಡಿತ ಕಮ್ಮಿ ಇರುವ ಮಣ್ಣಿನ ಟ್ರ್ಯಾಕಿನಲ್ಲಿ ಇವತ್ತಿಗೂ ಟೂ ವೀಲ್ ಬಗ್ಗಿಗೆ ಬಾಲ್ ಡಿಫ್ ಬಯಸುವವರು ಇದ್ದಾರೆ.

ಗೇರ್ ಡಿಫ್‌ನಲ್ಲಿ ಮುಚ್ಚಿದ ಬಟ್ಟಲಿನೊಳಗೆ ಸಣ್ಣ ಕೋನದ ಗೇರುಗಳು, ಸುತ್ತ ದಪ್ಪ ಸಿಲಿಕೋನ್ ಎಣ್ಣೆ. ಇಲ್ಲಿ ತಡೆ ಬರುವುದು ಎಣ್ಣೆಯಿಂದ. ನಿಧಾನಕ್ಕೆ ತಿರುಗಿದರೆ ತಡೆ ಕಮ್ಮಿ. ಒಂದು ಚಕ್ರ ಬರ್ರ್ ಅಂತ ತಿರುಗಲು ಹೊರಟರೆ ತಡೆ ಏರುತ್ತದೆ. ಮೋಟರಿನ ಏಟು ಹಲ್ಲಿಂದ ಹಲ್ಲಿಗೆ ಹೋಗುವುದರಿಂದ ಜಾರುವ ಮಾತಿಲ್ಲ. ಕಾರ್ಪೆಟ್, ಹುಲ್ಲುಹಾಸಿನ ಹಾಗೆ ಹಿಡಿತ ಜಾಸ್ತಿ ಇರುವ ಟ್ರ್ಯಾಕ್ ಬಂದ ಮೇಲೆ ರೇಸಿನವರು ಇದಕ್ಕೆ ಹೋಗಿದ್ದು ಅದಕ್ಕೇ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆ ಟ್ರ್ಯಾಕಿಗಿಂತ ಹವಾಮಾನ ದೊಡ್ಡದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ತೀರ್ಥಹಳ್ಳಿ ಅಷ್ಟಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಸಲು. ಬಾಲ್ ಡಿಫ್ ತೆರೆದ ಸಾಮಾನು. ಗೇರಿನ ಎರಡೂ ಬದಿಯಲ್ಲಿ ರಿಂಗ್ ಕಾಣುತ್ತಿರುತ್ತದೆ. ಗೇರ್‌ಬಾಕ್ಸ್ ಒಳಗೆ ಒಂದು ಹನಿ ಕೆಸರು ನೀರು ಹೋದರೂ ಅದಕ್ಕೆ ತಗಲುತ್ತದೆ. ಗೇರ್ ಡಿಫ್‌ಗೆ ಸೀಲ್ ಇದೆ. ಅದಕ್ಕೇ ಮಳೆಗಾಲಕ್ಕೆ ಗೇರ್, ಜನವರಿಯಿಂದ ಮೇ ತನಕ ಬಾಲ್. ಎರಡೂ ಇಟ್ಟುಕೊಳ್ಳಲು ಆಗದವರು, ಬಿಚ್ಚಿ ಜೋಡಿಸುವುದರಲ್ಲಿ ಖುಷಿ ಕಾಣದವರು, ಗೇರ್ ಒಂದೇ ಸಾಕು. ಬಿಚ್ಚದ ಬಾಲ್ ಡಿಫ್‌ಗಿಂತ ಬಿಚ್ಚದ ಗೇರ್ ಡಿಫ್ ಎಷ್ಟೋ ಮೇಲು.

ಭದ್ರಾ ಬೇರಿಂಗ್

ಕೊನೆಯ ಸಾಲು ನಾನು ಒಪ್ಪುವುದಿಲ್ಲ ಸ್ವಾಮಿಗಳೇ. ಬಿಚ್ಚದ ಗೇರ್ ಡಿಫ್ ಒಳಗೆ ಏನಾಗಿದೆ ಅಂತ ಹೊರಗೆ ಗೊತ್ತೇ ಆಗುವುದಿಲ್ಲ. ಬಾಲ್ ಡಿಫ್ ಕಡೇಪಕ್ಷ ಕೂಗಿ ಹೇಳುತ್ತದೆ. ಎಣ್ಣೆ ಸೋರಿ ಖಾಲಿಯಾದ ಗೇರ್ ಡಿಫ್ ಸುಮ್ನೆ ಓಡುತ್ತಾ ಇರುತ್ತದೆ. ಕ್ರಾಸ್ ಪಿನ್ (ಸಣ್ಣ ಗೇರುಗಳನ್ನು ಹೊತ್ತ ಅಡ್ಡ ಕಡ್ಡಿ) ಸವೆದು, ಶಿಮ್ (ತೆಳು ವಾಷರ್) ಹರಿದು, ಒಂದು ದಿನ ಬಟ್ಟಲೇ ಒಡೆಯುತ್ತದೆ.

ತೆರೆದಾಗ ಎಣ್ಣೆಯ ಬಣ್ಣ ನೋಡಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ. ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದರೆ ಲೋಹ ಸವೆಯುತ್ತಿದೆ. ಆಗ ಶಿಮ್, ಪಿನ್ ಎರಡನ್ನೂ ನೋಡಿ. ಪಿನ್ ಮೇಲೆ ಗೇರ್ ಕೂತ ಜಾಗದಲ್ಲಿ ಮೆಟ್ಟಿಲು ಬಿದ್ದಿದ್ದರೆ ಬದಲಿಸಿ.

ಸೋರುವುದು ಎರಡು ಕಡೆ. ಒಂದು ಔಟ್‌ಡ್ರೈವಿನ ಓ-ರಿಂಗ್. ಇನ್ನೊಂದು ಬಟ್ಟಲು ಮತ್ತು ಮುಚ್ಚಳದ ನಡುವಿನ ಪ್ಯಾಕಿಂಗ್. ಓ-ರಿಂಗ್ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸಿಗುತ್ತದೆ. ಆದರೆ ಕಪ್ಪು ನೈಟ್ರೈಲ್ ರಬ್ಬರ್‌ದೇ ಕೇಳಿ. ಸಿಲಿಕೋನ್ ಎಣ್ಣೆಗೆ ಸಿಲಿಕೋನ್ ರಬ್ಬರ್ ಹಾಕಿದರೆ ಉಬ್ಬುತ್ತದೆ. ಪ್ಯಾಕಿಂಗ್ ಹರಿದಿದ್ದರೆ ಹೊಸದು ತರಿಸಿ. ಅನಾಬಾಂಡ್ ಸೀಲಿಂಗ್ ಪೇಸ್ಟ್ ಬಳಿಯಬೇಡಿ. ಅದು ದಪ್ಪವಾಗಿ ಕೂತು ಮುಚ್ಚಳ ಓರೆಯಾಗುತ್ತದೆ, ಉಳಿದದ್ದು ಕಳಚಿ ಒಳಗಿನ ಗೇರಿಗೆ ಸಿಗುತ್ತದೆ.

ಬೇರಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಸರು ಹೇಳಿದರೆ ಅಂಗಡಿಯವರಿಗೆ ಅರ್ಥವಾಗುವುದಿಲ್ಲ, ನಂಬರ್ ಹೇಳಿ. 10-15-4 ಅಳತೆಗೆ (ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಮಿ.ಮೀ.ಗಳಲ್ಲಿ) 6700. 5-10-4ಕ್ಕೆ ಎಂಆರ್105. 1/8 ಗಾಡಿಗಳ ಡಿಫ್‌ನಲ್ಲಿ ಬರುವ 8-16-5ಕ್ಕೆ 688. ಕೊನೆಯಲ್ಲಿ ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ನಮ್ಮ ಜಂಬಿಟ್ಟಿಗೆ ಧೂಳಿಗೂ ಕೆಸರಿಗೂ ರಬ್ಬರ್ ಸೀಲಿಂದೇ ಹಾಕಿ. ಸ್ವಲ್ಪ ಬಿಗಿ ತಿರುಗುತ್ತದೆ, ಪರವಾಗಿಲ್ಲ.

ಕೂಳೆಗದ್ದೆ

ಎಷ್ಟು ವಿಷಯ! ಬಾಲ್ ಡಿಫ್ ರಿಪೇರಿ ಸಾಮಾನು ಆರ್ಡರ್ ಮಾಡಿದೆ. ಮಳೆಗಾಲಕ್ಕೆ ಮುಂಚೆ ಗೇರ್ ಡಿಫ್ ಕೂಡ ತರಿಸುತ್ತೇನೆ. ಎಣ್ಣೆ ಮಾತ್ರ ಇನ್ನೂ ತಲೆಗೆ ಹೋಗಿಲ್ಲ. ಒಬ್ಬರು 5 ಸಾವಿರ ಅಂತಾರೆ, ಇನ್ನೊಬ್ಬರು 30 ಅಂತಾರೆ. ನಮ್ಮೂರಿನ ಮೆಕ್ಯಾನಿಕ್ 90 ನಂಬರ್ ಗೇರ್ ಆಯಿಲ್ ಹಾಕು, ದಪ್ಪ ಇದೆ ಅಂತಾನೆ.

ಸ್ಲಿಪ್ಪರ್ ಸ್ವಾಮಿ

ಮೂವರೂ ಬೇರೆ ಬೇರೆ ಅಳತೆ ಹೇಳುತ್ತಿದ್ದಾರೆ. 30 ಅನ್ನುವುದು ಶಾಕ್ ಎಣ್ಣೆಯ ವೇಟ್. ಸುಮಾರು 350 ಸಿಎಸ್‌ಟಿ (ಸೆಂಟಿಸ್ಟೋಕ್, ಎಣ್ಣೆಯ ದಪ್ಪದ ಅಳತೆ) ಆಗುತ್ತದೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಸ್ವಲ್ಪ ಆಚೀಚೆ. 5 ಸಾವಿರ ಅನ್ನುವುದು ಡಿಫ್ ಎಣ್ಣೆಯ ಸಿಎಸ್‌ಟಿ. ಕೆಲವು ಕಂಪನಿಗಳು ಡಿಫ್ ಎಣ್ಣೆಯ ಬಾಟಲಿ ಮೇಲೂ ವೇಟ್ ಅಂತ ಬರೆಯುತ್ತವೆ. ಆದರೆ ಸಂಖ್ಯೆ ಸಾವಿರಗಳಲ್ಲಿ ಇದ್ದರೆ ಅದು ಡಿಫ್‌ಗೆ ಅಂತ ತಿಳಿಯಿರಿ.

90 ನಂಬರ್ ಗೇರ್ ಆಯಿಲ್ ಟ್ರ್ಯಾಕ್ಟರಿಗೆ ಇರಲಿ. ಕೈಗೆ ದಪ್ಪ ಅನ್ನಿಸಿದರೂ ಸಿಎಸ್‌ಟಿ ಲೆಕ್ಕದಲ್ಲಿ ಅದು ಕೆಲವು ನೂರು ಅಷ್ಟೇ. ಬಿಸಿಯಾದರೆ ಇನ್ನೂ ತೆಳ್ಳಗೆ. ಸಿಲಿಕೋನ್ ಎಣ್ಣೆಯೂ ಬಿಸಿಗೆ ತೆಳ್ಳಗಾಗುತ್ತದೆ, ಆದರೆ ಅಷ್ಟು ಬೇಗ ಅಲ್ಲ. 10 ಸಾವಿರದ ಎಣ್ಣೆ ಜೋನಿಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಅಂಥದ್ದು ಬೇಕಾದ ಕಡೆ ಗೇರ್ ಆಯಿಲ್ ಹಾಕಿದರೆ ಖಾಲಿ ಬಿಟ್ಟ ಹಾಗೇ ಲೆಕ್ಕ.

ನಿಮ್ಮ ಗದ್ದೆ ಟ್ರ್ಯಾಕಿಗೆ 5 ಸಾವಿರದಿಂದ ಶುರು ಮಾಡಿ. ತಿರುವಿನಿಂದ ಹೊರಡುವಾಗ ಒಳ ಚಕ್ರ ಇನ್ನೂ ತಿರುಗುತ್ತಿದ್ದರೆ 7, ಆಮೇಲೆ 10 ಸಾವಿರಕ್ಕೆ ಹೋಗಿ. ದಪ್ಪ ಜಾಸ್ತಿಯಾದರೆ ನೇರದಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ತಿರುವಿನ ನಡುವೆ ಹಿಂಭಾಗ ಜಾರುತ್ತದೆ. ಅಷ್ಟರಲ್ಲಿ ಹಿಂದಕ್ಕೆ ಬನ್ನಿ.

ಇನ್ನೊಂದು ಮಾತು. ಟೈರ್ ಬೋಳಾಗಿದ್ದರೆ ಯಾವ ಎಣ್ಣೆಯೂ ಕೆಲಸ ಮಾಡುವುದಿಲ್ಲ.

ಎಂಟನೇ ಒಂದು, ಕೊಪ್ಪ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು 1/8 ಎಲೆಕ್ಟ್ರಿಕ್ ಬಗ್ಗಿ, ನಾಲ್ಕೂ ಚಕ್ರಕ್ಕೆ ಡ್ರೈವ್, ಮೂರು ಡಿಫ್: ಮುಂದೆ ಒಂದು, ಹಿಂದೆ ಒಂದು, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚಲು ನಡುವೆ ಒಂದು. ಥ್ರಾಟಲ್ ಕೊಟ್ಟರೆ ಮುಂದಿನ ಟೈರ್ ಎರಡೂ ಉಬ್ಬಿ ತೆಳ್ಳಗಾಗುತ್ತವೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಮುಂದಿನ ಡಿಫ್ ಎಣ್ಣೆ ದಪ್ಪ ಮಾಡಿದೆ, ಏನೂ ಬದಲಾಗಲಿಲ್ಲ.

ಸ್ಲಿಪ್ಪರ್ ಸ್ವಾಮಿ

ಎರಡೂ ಮುಂದಿನ ಟೈರ್ ಒಟ್ಟಿಗೆ ಉಬ್ಬಿದರೆ ಅದು ಮುಂದಿನ ಡಿಫ್ ವಿಷಯವೇ ಅಲ್ಲ, ನಡುವಿನ ಡಿಫ್‌ದು. ಥ್ರಾಟಲ್ ಕೊಟ್ಟಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂಭಾಗ ಹಗುರಾಗುತ್ತದೆ. ನಡುವಿನ ಎಣ್ಣೆ ತೆಳ್ಳಗಿದ್ದರೆ ಶಕ್ತಿ ಎಲ್ಲ ಸುಲಭದ ದಾರಿ ಹಿಡಿದು ಮುಂದಕ್ಕೆ ಓಡುತ್ತದೆ. ಈಗ ಏನಿದೆ ಒಳಗೆ?

ಎಂಟನೇ ಒಂದು

ಮುಂದಿನದು ಬಿಟ್ಟರೆ ಕಿಟ್‌ನಲ್ಲಿ ಬಂದದ್ದೇ. ಕಿಟ್‌ನಲ್ಲಿ ಇದ್ದದ್ದು ಮುಂದೆ 5, ನಡುವೆ 5, ಹಿಂದೆ 3 ಸಾವಿರ.

ಸ್ಲಿಪ್ಪರ್ ಸ್ವಾಮಿ

ನಡುವೆ 7 ಅಥವಾ 10 ಸಾವಿರ ಹಾಕಿ ನೋಡಿ. ಹಾಕುವ ಮೊದಲು ಇರುವುದನ್ನು ಅಳೆಯಿರಿ, ಅರ್ಧ ಸೋರಿಹೋಗಿರಲಿಕ್ಕೂ ಸಾಕು. ಬ್ರಷ್‌ಲೆಸ್ 1/8ರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿಯಾಗುವುದು, ಜಾಸ್ತಿ ದುಡಿಯುವುದು ನಡುವಿನದೇ. ಎಣ್ಣೆ ಬದಲಿಸುವ ಸರದಿ ಬಂದರೆ ಅದರಿಂದಲೇ ಶುರು ಮಾಡಿ. ಗದ್ದೆಯ ಹಾಗೆ ಕುಣಿಸುವ ನೆಲದಲ್ಲಿ 10ಕ್ಕಿಂತ ಮೇಲೆ ಹೋಗಬೇಡಿ. ಬಹಳ ದಪ್ಪವಾದರೆ ಹೊಂಡ ಸಿಕ್ಕಾಗ ಗಾಡಿ ಆಚೀಚೆ ಎಗರುತ್ತದೆ.

ಮುಂದಿನ ಡಿಫ್ ದಪ್ಪ ಮಾಡಿದ್ದೀರಲ್ಲ, ಅದನ್ನು ವಾಪಸ್ 5ಕ್ಕೆ ತನ್ನಿ. ಮುಂದೆ ದಪ್ಪ ಎಣ್ಣೆ ಇದ್ದರೆ ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಗಾಡಿ ತಿರುಗಲು ಹಠ ಮಾಡುತ್ತದೆ. ಹೊರಗೆ ಬರುವಾಗ ಮಾತ್ರ ಚೆನ್ನಾಗಿ ಎಳೆಯುತ್ತದೆ.

ಭದ್ರಾ ಬೇರಿಂಗ್

ಎಣ್ಣೆ ತುಂಬುವ ಕ್ರಮ ಯಾರೂ ಹೇಳಲಿಲ್ಲ. ಅಂಚಿನ ತನಕ ತುಂಬಬೇಡಿ. ಸಣ್ಣ ಗೇರುಗಳು ಮುಳುಗಿ, ಕ್ರಾಸ್ ಪಿನ್ ಸ್ವಲ್ಪ ಮುಚ್ಚಿದರೆ ಸಾಕು. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಸೀಲ್ ತಳ್ಳಿ ಹೊರಗೆ ಬರುತ್ತದೆ. ಜನ ಸೋರುತ್ತದೆ ಅಂತ ದೂರುವುದರಲ್ಲಿ ಅರ್ಧ ಇದೇ ಕಾರಣಕ್ಕೆ. ತುಂಬಿದ ಮೇಲೆ ಔಟ್‌ಡ್ರೈವ್ ನಿಧಾನಕ್ಕೆ ತಿರುಗಿಸಿ, ಬಿಟ್ಟುಬಿಡಿ. ಕೆಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. 5 ಸಾವಿರಕ್ಕೆ ಒಂದು ಕಾಫಿ ಮುಗಿಸಿ ಬನ್ನಿ. ದಪ್ಪದ್ದಾದರೆ ರಾತ್ರಿ ಇಟ್ಟು ಬೆಳಿಗ್ಗೆ ಮುಚ್ಚಿ. ಮಾಗಿ ಚಳಿಯಲ್ಲಿ ಇನ್ನೂ ತಡ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಡಿಫ್ ತೂಗಿ ಬರೆದಿಡಿ. ಮುಂದಿನ ಸಲ ತೂಗಿದಾಗ ಎಷ್ಟು ಸೋರಿದೆ ಅಂತ ಬಿಚ್ಚದೆಯೇ ತಿಳಿಯುತ್ತದೆ.

1/8ರವರಿಗೆ ಶಿಮ್ ವಿಷಯ. ಕ್ರೌನ್ ಗೇರ್ (ಡಿಫ್ ಮೇಲಿನ ದೊಡ್ಡ ಗೇರ್), ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಗೇರ್) ನಡುವೆ ಪ್ಲೇ, ಅಂದರೆ ಸಡಿಲ, ಜಾಸ್ತಿ ಇದ್ದರೆ ಕ್ರೌನ್ ಇರುವ ಬದಿಯ ಬೇರಿಂಗ್ ಹಿಂದೆ 0.1 ಮಿ.ಮೀ. ಶಿಮ್ ಒಂದು ಹಾಕಿ. ಡಿಫ್ ಪಿನಿಯನ್ ಕಡೆ ಸರಿಯುತ್ತದೆ. ಕೈಯಲ್ಲಿ ತಿರುಗಿಸಿದಾಗ ಒಂದು ಪೂರ್ತಿ ಸುತ್ತಿನಲ್ಲಿ ಎಲ್ಲೂ ಬಿಗಿ ಆಗಬಾರದು. ಒಂದೇ ಜಾಗದಲ್ಲಿ ಬಿಗಿ ಆದರೆ ಶಿಮ್ ತಪ್ಪಲ್ಲ, ಕ್ರೌನ್ ಓರೆ ಕೂತಿದೆ. ಸ್ಕ್ರೂಗಳನ್ನು ಎದುರು ಬದುರಾಗಿ ಬಿಗಿ ಮಾಡಿ.

ಹಾಳೆಟೊಪ್ಪಿ

ಓಡಿಸಿದ ಮೇಲೆ ಗಾಡಿಗೆ ಪೈಪ್ ಹಿಡಿದು ತೊಳೆಯಬಹುದಾ? ನಾನು ಬೈಕ್ ಜೊತೆ ಜೆಟ್ ವಾಷ್ ಮಾಡಿಸುತ್ತೇನೆ.

ಭದ್ರಾ ಬೇರಿಂಗ್

ಅಯ್ಯೋ ಮಾರಾಯ್ರೆ! ಜೆಟ್ ನೀರು ಬೇರಿಂಗ್ ಸೀಲ್ ದಾಟಿ ಒಳಗೆ ಹೋಗುತ್ತದೆ. ಕೆಸರು ಒಣಗಲು ಬಿಡಿ, ಬ್ರಷ್‌ನಲ್ಲಿ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಫ್ ಒಳಭಾಗ ತೊಳೆಯಲು ಸ್ಪಿರಿಟ್ ಸಾಲದು, ಸಿಲಿಕೋನ್ ಎಣ್ಣೆ ಅದಕ್ಕೆ ಸರಿಯಾಗಿ ಕರಗುವುದಿಲ್ಲ. ಸೀಮೆಎಣ್ಣೆ ಅಥವಾ ಬ್ರೇಕ್ ಕ್ಲೀನರ್ ಬೇಕು. ಓ-ರಿಂಗ್ ಮೊದಲೇ ತೆಗೆದಿಡಿ. ಒಲೆ ಹತ್ತಿರ ಮಾಡಬೇಡಿ, ಬಯಲಲ್ಲಿ ಮಾಡಿ.

ಕೂಳೆಗದ್ದೆ

ಸಾಮಾನು ಬಂತು. ಬಾಲ್ ಡಿಫ್ ಜೋಡಿಸಿದೆ. ರಿಂಗ್ ತಿರುಗಿಸಿ ಹಾಕಿದೆ, ಉಜ್ಜುವ ಕೆಲಸ ಬೀಳಲಿಲ್ಲ. ಈಗ ಚಕ್ರ ತಿರುಗಿಸಿದರೆ ಬೆಣ್ಣೆ. ಸ್ಲಿಪ್ಪರ್ ಸಡಿಲಿಸಿದ ಮೇಲೆ ಕೂಗುವುದು ನಿಂತಿದೆ. ಒಳ ಚಕ್ರ ತಿರುಗುವುದೂ ಕಮ್ಮಿಯಾಗಿದೆ.

ಆದರೆ ಗೇರ್‌ಬಾಕ್ಸಿನ ಒಂದು ಸ್ಕ್ರೂ ತಲೆ ಸವೆದು ಅಲೆನ್ ಕೀ ಸುಮ್ನೆ ತಿರುಗುತ್ತಿದೆ. ಗೇರ್ ಡಿಫ್ ಹಾಕುವಾಗ ಮತ್ತೆ ಬಿಚ್ಚಬೇಕಲ್ಲ?

ಭದ್ರಾ ಬೇರಿಂಗ್

ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂನಾ, ಲೋಹಕ್ಕೆ ಹೋಗುವುದಾ?

ಕೂಳೆಗದ್ದೆ

ಪ್ಲಾಸ್ಟಿಕ್.

ಭದ್ರಾ ಬೇರಿಂಗ್

ಹಾಗಾದರೆ ಸುಲಭ. ಹ್ಯಾಕ್ಸಾ ಬ್ಲೇಡಿನಿಂದ ತಲೆ ಮೇಲೆ ಒಂದು ಗೀರು ಮಾಡಿ. ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ಮೇಲೆ ಕೆಲವು ಸೆಕೆಂಡು ಇಡಿ, ಪ್ಲಾಸ್ಟಿಕ್ ಸ್ವಲ್ಪ ಸಡಿಲಾಗುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಒತ್ತಿ ಹಿಡಿದು ತಿರುಗಿಸಿ. ಹೊಸ ಸ್ಕ್ರೂ ಹಾಕುವಾಗ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಬೇಡಿ, ಅದು ಲೋಹಕ್ಕೆ ಮಾತ್ರ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮೊದಲು ಎದುರು ದಿಕ್ಕಿಗೆ ತಿರುಗಿಸಿ, ಟಕ್ ಅಂತ ಹಳೆ ಥ್ರೆಡ್ಡಿಗೆ ಕೂತ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ಥ್ರೆಡ್ ಕೊರೆದು ತೂತೇ ಹಾಳಾಗುತ್ತದೆ.

ಕೂಳೆಗದ್ದೆ

ಬಂತು ಸಾರ್! ಗೀರು ಮಾಡಿದ್ದೇ ಸಾಕಾಯ್ತು, ಐರನ್ ಬೇಕಾಗಲಿಲ್ಲ. ಹಾಳೆಟೊಪ್ಪಿಯವರೇ, ನಿಮ್ಮ ಕಡೆ ಇದೇ ಅಳತೆಯ ಸ್ಕ್ರೂ, 3 ಮಿ.ಮೀ. ದಪ್ಪ 12 ಉದ್ದ, ಸಿಕ್ಕರೆ ನನಗೂ ನಾಲ್ಕು ತೆಗೆದಿಡಿ. ಮುಂದಿನ ವಾರ ಸಾಗರಕ್ಕೆ ಬರುವುದಿದೆ.

ಹಾಳೆಟೊಪ್ಪಿ

ಸಿಗುತ್ತದೆ, ತೆಗೆದಿಡುತ್ತೇನೆ. ಬಗ್ಗಿಯನ್ನೂ ತನ್ನಿ.